ನೂರಕ್ಕೆ ಹದಿನೇಳು ಎಂದರೆ ಏನರ್ಥ?

ದೇಹ, ಹೊಳೆ, ಮೋಟರ್: ಮೂರರ ಮುನ್ನಂದಾಜನ್ನೂ ಓದಿ ಬಳಸುವ ಕ್ರಮ

ಜುಲೈ ತಿಂಗಳಲ್ಲಿ ಘಟಪ್ರಭೆಯ ದಂಡೆಯ ಮನೆಗೆ ಒಂದೇ ದಿನ ಮೂರು ಸುದ್ದಿ ಬರುವುದುಂಟು. ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದು, ಸೊಂಟದ ಸುತ್ತಳತೆ ಹಿಡಿದು, ಐದಾರು ಪ್ರಶ್ನೆ ಕೇಳಿ, “ಕಾಕಾ, ನಿಮ್ಮ ಅಂಕ ಜಾಸ್ತಿ ಬಂದೈತ್ರಿ, ತಪಾಸಣೆಗೆ ಬರ್ರಿ” ಎಂದು ಹೇಳಿ ಹೋಗುತ್ತಾರೆ. ಮಧ್ಯಾಹ್ನ ಮೊಬೈಲಿಗೆ ಹಿಡಕಲ್ ಜಲಾಶಯದಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಟ್ಟ ಸಂದೇಶ ಬರುತ್ತದೆ. ಸಂಜೆ ಹೊಲದಲ್ಲಿ ಮೋಟರ್ ನೋಡಲು ಬಂದ ಮಿಸ್ತ್ರಿ ಬೇರಿಂಗಿನ ಸದ್ದಿಗೆ ಕಿವಿಗೊಟ್ಟು, “ಇದು ಭಾಳ ದಿನಾ ನಡಿಯೂದಿಲ್ರಿ” ಅನ್ನುತ್ತಾನೆ.

ಮೂರೂ ಇನ್ನೂ ಆಗದ ಸಂಗತಿಯ ಬಗ್ಗೆ ಆಡಿದ ಮಾತು. ಇಂಥ ಮಾತು ಕೇಳಿದಾಗ ನಮ್ಮಲ್ಲಿ ಎರಡೇ ದಾರಿ ರೂಢಿ. ಒಂದೋ ರಾತ್ರಿಯಿಡೀ ನಿದ್ದೆಗೆಡುತ್ತೇವೆ, ಇಲ್ಲವೇ “ಬಂದಾಗ ನೋಡಿದರಾಯಿತು” ಎಂದು ಮಗ್ಗುಲು ಬದಲಿಸುತ್ತೇವೆ. ಎರಡರಲ್ಲೂ ಆ ಅಂಕಿ ವ್ಯರ್ಥ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಉದಾಹರಣೆಗಳನ್ನೇ ಇಟ್ಟುಕೊಂಡು ಮೂರನೆಯ ದಾರಿಯನ್ನು ನೋಡೋಣ. ಅಂಕಿ ಬರುವ ಮೊದಲೇ “ಇಷ್ಟು ಬಂದರೆ ಹೀಗೆ ಮಾಡುತ್ತೇನೆ” ಎಂದು ಗೆರೆ ಎಳೆದಿಟ್ಟುಕೊಳ್ಳುವುದೇ ಆ ದಾರಿ.

ಕಾರ್ಣಿಕಕ್ಕೂ ಲೆಕ್ಕಕ್ಕೂ ಏನು ವ್ಯತ್ಯಾಸ?

ಮೈಲಾರದ ಕಾರ್ಣಿಕದ ನುಡಿಯನ್ನು ಜನ ತಮ್ಮ ತಮ್ಮ ಬದುಕಿಗೆ ಹೊಂದಿಸಿ ಅರ್ಥ ಮಾಡಿಕೊಳ್ಳುತ್ತಾರೆ. ಒಂದೇ ನುಡಿಗೆ ಹತ್ತು ಅರ್ಥ ಇರುವುದೇ ಅದರ ಸೊಗಸು. ಲೆಕ್ಕದ ಮುನ್ನಂದಾಜಿಗೆ ಆ ಸ್ವಾತಂತ್ರ್ಯ ಇಲ್ಲ. ಏನಾಗುತ್ತದೆ, ಎಷ್ಟು ದಿನದೊಳಗೆ, ನೂರರಲ್ಲಿ ಎಷ್ಟು ಮಂದಿಗೆ ಎಂದು ಅದು ಬಿಡಿಸಿ ಹೇಳಬೇಕು. ಅವಧಿ ಮುಗಿದ ಮೇಲೆ ನುಡಿದದ್ದನ್ನು ನಡೆದದ್ದರ ಪಕ್ಕ ಇಟ್ಟು ತೂಗಲು ಬರಬೇಕು.

ಇದನ್ನು ತಯಾರಿಸುವ ವಿಧಾನ ಕೇಳಿದರೆ ಬಹಳ ಸರಳ. ಮೊದಲು ಬಹಳ ಜನರನ್ನು ಸೇರಿಸಿ ಅವರ ಇಂದಿನ ಸ್ಥಿತಿ ಬರೆದಿಡುತ್ತಾರೆ. ಆಮೇಲೆ ವರ್ಷಗಟ್ಟಲೆ ಕಾಯುತ್ತಾರೆ. ಕೊನೆಗೆ ಯಾರಿಗೆ ಏನಾಯಿತು ಎಂದು ಎಣಿಸಿ, ಮೊದಲು ಬರೆದಿಟ್ಟ ಯಾವ ಲಕ್ಷಣಕ್ಕೆ ಎಷ್ಟು ತೂಕ ಎಂದು ಕಂಡುಕೊಳ್ಳುತ್ತಾರೆ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದ 5,209 ಜನರನ್ನು ಹೀಗೆ ನೋಡಲು ಶುರು ಮಾಡಿದರು. ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇಷ್ಟನ್ನು ಕೂಡಿಸಿ ಹೃದಯಾಘಾತದ ಸಾಧ್ಯತೆ ಹೇಳುವ ಪಟ್ಟಿಗಳ ಮೂಲ ಅಲ್ಲಿದೆ. ಎಂಜಿನಿಯರುಗಳೂ ಅದೇ ದಾರಿಯವರು. ನೂರಾರು ಬೇರಿಂಗುಗಳನ್ನು ಒಡೆಯುವ ತನಕ ತಿರುಗಿಸಿ ಎಣಿಸಿದರು. ಮೇಲಿನ ಮಳೆಯನ್ನೂ ಕೆಳಗಿನ ಹೊಳೆಯ ಮಟ್ಟವನ್ನೂ ವರ್ಷಾನುಗಟ್ಟಲೆ ಒಟ್ಟಿಗೆ ಬರೆದಿಟ್ಟರು.

ಇದು ಯಾಕೆ ಫಲಿಸುತ್ತದೆ? ದೇಹವಾಗಲಿ, ಯಂತ್ರವಾಗಲಿ, ಹೊಳೆಯ ದಂಡೆಯಾಗಲಿ ಸಾಮಾನ್ಯವಾಗಿ ಒಮ್ಮೆಲೇ ಕೈಕೊಡುವುದಿಲ್ಲ. ಮುಂಚೆಯೇ ಸಣ್ಣ ಸಣ್ಣ ಸೂಚನೆ ಕೊಡುತ್ತವೆ. ಬಿಡಿಯಾಗಿ ನೋಡಿದರೆ ಒಂದೊಂದು ಸೂಚನೆಯೂ ಸಪ್ಪೆ. ಸೊಂಟ ದಪ್ಪ ಇದ್ದವರಿಗೆಲ್ಲ ಸಕ್ಕರೆ ಕಾಯಿಲೆ ಇರುವುದಿಲ್ಲ, ಸದ್ದು ಮಾಡುವ ಮೋಟರೆಲ್ಲ ಸುಡುವುದಿಲ್ಲ. ನಾಲ್ಕೈದು ಸೂಚನೆ ಒಂದೇ ಕಡೆ ಬೊಟ್ಟು ಮಾಡಿದಾಗ ಮಾತಿಗೆ ತೂಕ ಬರುತ್ತದೆ.

ಇದಕ್ಕೊಂದು ಮಿತಿಯೂ ಇದೆ. ನಿಮ್ಮಂಥ ನೂರು ಜನರಲ್ಲಿ ಎಷ್ಟು ಮಂದಿಗೆ ಎಂದು ಈ ಲೆಕ್ಕ ಹೇಳಬಲ್ಲದು. ಆ ಮಂದಿಯಲ್ಲಿ ನೀವು ಇದ್ದೀರೋ ಇಲ್ಲವೋ ಎಂದು ಹೇಳಲಾರದು.

ಯಾವ ಅಂಕಿ ಬಂದರೂ ಕೇಳಬೇಕಾದ ಐದು ಪ್ರಶ್ನೆ

1. ಏನು ಆಗುವ ಸಾಧ್ಯತೆ? “ಹೃದಯಕ್ಕೆ ಅಪಾಯ” ಎಂದರೆ ಸಾಲದು. ಸಾವೋ, ಹೃದಯಾಘಾತವೋ, ಲಕ್ವವೋ? “ಪ್ರವಾಹ ಬರಬಹುದು” ಎಂದರೆ ಸೇತುವೆ ಮುಳುಗುವುದೋ, ಓಣಿಗೆ ನೀರು ಬರುವುದೋ?

2. ಎಷ್ಟು ಅವಧಿಯಲ್ಲಿ? ಹತ್ತು ವರ್ಷಕ್ಕೆ ನೂರರಲ್ಲಿ ಹತ್ತು ಮಂದಿ ಎನ್ನುವುದಕ್ಕೂ ಒಂದು ವರ್ಷಕ್ಕೆ ಹತ್ತು ಮಂದಿ ಎನ್ನುವುದಕ್ಕೂ ಅಜಗಜಾಂತರ.

3. ಯಾರನ್ನು ನೋಡಿ ಮಾಡಿದ ಲೆಕ್ಕ? ಬೇರೆ ದೇಶದ ಜನರನ್ನು ನೋಡಿ ಮಾಡಿದ ಪಟ್ಟಿ ನಮ್ಮವರಿಗೆ ಹೆಚ್ಚು ಕಡಿಮೆ ಹೇಳಬಹುದು. ಬ್ರಿಟನ್ನಿನ ಕ್ಯೂರಿಸ್ಕ್ ಎಂಬ ಹೃದಯದ ಲೆಕ್ಕದಲ್ಲಿ ಭಾರತೀಯ ಮೂಲದವರಿಗೆ ಪ್ರತ್ಯೇಕ ತೂಕ ಇಟ್ಟಿರುವುದು ಇದೇ ಕಾರಣಕ್ಕೆ.

4. ಹಿಂದೆ ಹೇಳಿದ್ದು ಎಷ್ಟು ನಿಜವಾಗಿದೆ? “ನೂರಕ್ಕೆ ಇಪ್ಪತ್ತು” ಎಂದು ಹೇಳಿಸಿಕೊಂಡವರಲ್ಲಿ ನಿಜವಾಗಿಯೂ ಇಪ್ಪತ್ತರ ಆಸುಪಾಸು ಮಂದಿಗೆ ಆಗಿದ್ದರೆ ಅಳತೆಗೋಲು ಸರಿಯಿದೆ. ನಲವತ್ತಾಗಿದ್ದರೂ, ಐದೇ ಆಗಿದ್ದರೂ ಅದು ತಪ್ಪು.

5. ಈ ಅಂಕಿಯಿಂದ ನಾನು ಮಾಡುವ ಕೆಲಸ ಏನಾದರೂ ಬದಲಾಗುತ್ತದೆಯೇ? ಬದಲಾಗುವುದಿಲ್ಲ ಎಂದಾದರೆ ಆ ಅಂಕಿಯ ಹಿಂದೆ ಓಡಬೇಡಿ.

ದೇಹದ ಲೆಕ್ಕ: ಟೇಪು ಹಿಡಿದು ಹತ್ತು ನಿಮಿಷ

ಸಕ್ಕರೆ ಕಾಯಿಲೆಯ ಅಂಕಪಟ್ಟಿಯಿಂದ ಶುರು ಮಾಡೋಣ. ರಕ್ತಪರೀಕ್ಷೆ ಬೇಡ, ಹೊಲಿಗೆ ಟೇಪು ಸಾಕು. ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಈ ಪಟ್ಟಿಯನ್ನು ಭಾರತೀಯರ ಮಧುಮೇಹ ಅಪಾಯದ ಅಂಕ ಎನ್ನುತ್ತಾರೆ. ಒಟ್ಟು ನೂರು ಅಂಕ.

ವಯಸ್ಸು: 35ಕ್ಕಿಂತ ಕಡಿಮೆ ಇದ್ದರೆ 0, 35ರಿಂದ 49 ಇದ್ದರೆ 20, 50 ದಾಟಿದ್ದರೆ 30.
ಸೊಂಟದ ಸುತ್ತಳತೆ, ಹೆಂಗಸರಿಗೆ: 80 ಸೆಂ.ಮೀ. ಒಳಗೆ 0, 80ರಿಂದ 89 ಇದ್ದರೆ 10, 90 ಮತ್ತು ಮೇಲೆ 20.
ಸೊಂಟದ ಸುತ್ತಳತೆ, ಗಂಡಸರಿಗೆ: 90 ಸೆಂ.ಮೀ. ಒಳಗೆ 0, 90ರಿಂದ 99 ಇದ್ದರೆ 10, 100 ಮತ್ತು ಮೇಲೆ 20.
ಶ್ರಮ: ದಿನವೂ ವ್ಯಾಯಾಮ, ಜೊತೆಗೆ ಮೈಮುರಿಯುವ ಕೆಲಸ ಎರಡೂ ಇದ್ದರೆ 0, ಒಂದು ಮಾತ್ರ ಇದ್ದರೆ 20, ಎರಡೂ ಇಲ್ಲದೆ ಕುಳಿತೇ ಕೆಲಸವಾದರೆ 30.
ತಂದೆ ತಾಯಿ: ಇಬ್ಬರಿಗೂ ಕಾಯಿಲೆ ಇಲ್ಲದಿದ್ದರೆ 0; ಒಬ್ಬರಿಗಿದ್ದರೆ 10; ಇಬ್ಬರಿಗೂ ಇದ್ದರೆ 20.

ಕೂಡಿಸಿದಾಗ 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, 30ರಿಂದ 50 ಬಂದರೆ ಮಧ್ಯಮ, 30ಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆ.

ಗೋಕಾಕ ಪೇಟೆಯಲ್ಲಿ ಕರದಂಟಿನ ಅಂಗಡಿ ಇಟ್ಟ 48 ವರ್ಷದ ಒಬ್ಬರನ್ನು ಊಹಿಸಿಕೊಳ್ಳಿ. ವಯಸ್ಸಿಗೆ 20. ಸೊಂಟ 96 ಸೆಂ.ಮೀ., ಅದಕ್ಕೆ 10. ಬೆಳಗಿನಿಂದ ರಾತ್ರಿಯವರೆಗೆ ಗಲ್ಲೆಯ ಮೇಲೆ, ಅದಕ್ಕೆ 30. ತಾಯಿಗೆ ಸಕ್ಕರೆ ಕಾಯಿಲೆ, ಅದಕ್ಕೆ 10. ಒಟ್ಟು 70.

ಎಪ್ಪತ್ತು ಅಂಕ ಬಂತು ಎಂದರೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ ಎಪ್ಪತ್ತು ಎಂದು ಅವರು ಗಾಬರಿಯಾಗುವುದು ಸಹಜ. ಹಾಗಲ್ಲ. ಅಂಕ ಬೇರೆ, ಸಾಧ್ಯತೆ ಬೇರೆ. ಮೂಲ ಅಧ್ಯಯನದಲ್ಲಿ 60 ಮತ್ತು ಹೆಚ್ಚು ಅಂಕ ಬಂದ ನೂರು ಜನರಲ್ಲಿ, ತಮಗೇ ಗೊತ್ತಿರದ ಸಕ್ಕರೆ ಕಾಯಿಲೆ ಇದ್ದದ್ದು ಸುಮಾರು 17 ಮಂದಿಗೆ. ಉಳಿದ 83 ಮಂದಿಗೆ ಇರಲಿಲ್ಲ. 60ಕ್ಕಿಂತ ಕಡಿಮೆ ಬಂದ ನೂರು ಜನರಲ್ಲಿ ಸುಮಾರು 95 ಮಂದಿಗೆ ಕಾಯಿಲೆ ಇರಲಿಲ್ಲ, ಐದು ಮಂದಿಗೆ ಇತ್ತು. ಕಾಯಿಲೆ ಇದ್ದವರನ್ನೇ ಲೆಕ್ಕಕ್ಕೆ ಹಿಡಿದರೆ, ನೂರರಲ್ಲಿ 72 ಮಂದಿಯನ್ನು ಈ ಪಟ್ಟಿ ಹಿಡಿಯಿತು, 28ರಷ್ಟು ಮಂದಿಯನ್ನು ಬಿಟ್ಟಿತು.

ಹಾಗಾದರೆ ಇದರ ಉಪಯೋಗವೇನು? ಹೆಚ್ಚು ಅಂಕ ಬಂದವರು ರಕ್ತಪರೀಕ್ಷೆಗೆ ಮೊದಲು ಹೋಗಲಿ ಎಂದು ಸಾಲು ಹಚ್ಚುವುದಷ್ಟೇ ಇದರ ಕೆಲಸ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಯಲ್ಲಿ ತುಂಬುವ ಸಿಬ್ಯಾಕ್ ನಮೂನೆಯೂ ಇಂಥದ್ದೇ. ಅಲ್ಲಿ ಅಂಕ 4ನ್ನು ದಾಟಿದರೆ ತಪಾಸಣೆಗೆ ಮೊದಲ ಆದ್ಯತೆ. ದಾಟದವರಿಗೂ ತಪಾಸಣೆ ಉಂಟು, ಸರದಿ ಮಾತ್ರ ಹಿಂದೆ.

ಒಂದು ಸೂಕ್ಷ್ಮ ಇಲ್ಲಿದೆ. ಈ ಪಟ್ಟಿ ಈಗಾಗಲೇ ಒಳಗೆ ಕುಳಿತಿರುವ ಕಾಯಿಲೆಯನ್ನು ಹುಡುಕಲು ಮಾಡಿದ್ದು. ಮುಂದೆ ಏನಾಗುತ್ತದೆ ಎಂದು ಹೇಳುವ ಪಟ್ಟಿಗಳು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಹೃದಯದ ಅಪಾಯದ ಪಟ್ಟಿ ಅಂಥದ್ದು. 2019ರಲ್ಲಿ ಪರಿಷ್ಕರಿಸಿದ ಅದರಲ್ಲಿ ಜಗತ್ತನ್ನು 21 ಪ್ರದೇಶಗಳಾಗಿ ಹಂಚಿದ್ದಾರೆ, ದಕ್ಷಿಣ ಏಷ್ಯಾಕ್ಕೆ ಪ್ರತ್ಯೇಕ ಪಟ್ಟಿ ಇದೆ. ವಯಸ್ಸು, ಗಂಡೋ ಹೆಣ್ಣೋ, ಧೂಮಪಾನ, ರಕ್ತದೊತ್ತಡದ ಮೇಲಿನ ಅಂಕಿ, ಎತ್ತರಕ್ಕೆ ತಕ್ಕ ತೂಕ ಇವಿಷ್ಟನ್ನು ಇಟ್ಟು, ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಲಕ್ವ ಆಗುವ ಸಾಧ್ಯತೆಯನ್ನು ಬಣ್ಣದಲ್ಲಿ ತೋರಿಸುತ್ತದೆ. ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ ಹಸಿರು, ಐದರಿಂದ ಹತ್ತಕ್ಕೆ ಹಳದಿ, ಹತ್ತರಿಂದ ಇಪ್ಪತ್ತಕ್ಕೆ ಕಿತ್ತಳೆ, ಇಪ್ಪತ್ತು ದಾಟಿದರೆ ಕೆಂಪು, ಮೂವತ್ತು ದಾಟಿದರೆ ಕಡುಗೆಂಪು.

ಇವುಗಳನ್ನು ಬಳಸುವ ಕ್ರಮ ಇಷ್ಟು:

1. ಬೆಳಿಗ್ಗೆ, ಉಸಿರು ಬಿಟ್ಟು, ಹೊಕ್ಕುಳ ಮಟ್ಟದಲ್ಲಿ ಟೇಪು ಸಡಿಲವೂ ಬಿಗಿಯೂ ಅಲ್ಲದಂತೆ ಹಿಡಿಯಿರಿ. ಪ್ಯಾಂಟಿನ ಸೈಜು ಸೊಂಟದ ಅಳತೆ ಅಲ್ಲ.
2. ರಕ್ತದೊತ್ತಡವನ್ನು ಐದು ನಿಮಿಷ ಕುಳಿತ ಮೇಲೆ ಅಳೆಸಿ. ಬಸ್ ಹಿಡಿದು ಓಡಿ ಬಂದು ಅಳೆಸಿದ ಅಂಕಿ ಪಟ್ಟಿಗೆ ಬಾರದು.
3. ಅಂಕ ಹೆಚ್ಚಿದ್ದರೆ ಅದೇ ವಾರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ.
4. ಬದಲಿಸಲು ಬರುವ ಅಂಕ ಯಾವುದು, ಬಾರದ್ದು ಯಾವುದು ಎಂದು ಬೇರೆ ಮಾಡಿ. ನಮ್ಮ ಅಂಗಡಿಯವರಿಗೆ ವಯಸ್ಸು, ತಾಯಿಯ ಕಾಯಿಲೆ ಬದಲಿಸಲು ಆಗದು. ದಿನವೂ ನಡೆಯತೊಡಗಿದರೆ 30 ಇದ್ದದ್ದು 20ಕ್ಕೆ ಇಳಿಯುತ್ತದೆ. ಸೊಂಟ 90ರ ಒಳಗೆ ಬಂದರೆ ಮತ್ತೆ ಹತ್ತು ಇಳಿಯುತ್ತದೆ. ಎಪ್ಪತ್ತು ಐವತ್ತಾಗುತ್ತದೆ.
5. ಔಷಧಿಯ ಮಾತು ಬಂದಾಗ ಹೀಗೆ ಕೇಳಿ: “ಡಾಕ್ಟ್ರೇ, ಔಷಧಿ ಇಲ್ಲದೆ ನೂರರಲ್ಲಿ ಎಷ್ಟು, ಔಷಧಿ ತಗೊಂಡ್ರ ನೂರರಲ್ಲಿ ಎಷ್ಟು?” ಅಪಾಯ ಕಾಲುಭಾಗ ಕಡಿಮೆಯಾಗುತ್ತದೆ ಎಂದರೆ ಇಪ್ಪತ್ತು ಇದ್ದವರಿಗೆ ಹದಿನೈದಾಗುತ್ತದೆ, ಐದು ಮಂದಿ ಉಳಿದಂತೆ. ನಾಲ್ಕು ಇದ್ದವರಿಗೆ ಮೂರಾಗುತ್ತದೆ, ಒಬ್ಬರು ಉಳಿದಂತೆ. ಒಂದೇ ಔಷಧಿ, ಒಂದೇ ಕಾಲುಭಾಗ. ಲಾಭ ಮಾತ್ರ ಬೇರೆ ಬೇರೆ.

ಹೊಳೆಯ ಲೆಕ್ಕ: ಹಿಡಕಲ್ ಒಂದನ್ನೇ ನೋಡಿದರೆ ಸಾಲದು

2019ರ ಆಗಸ್ಟಿನಲ್ಲಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿದ್ದು, ಲೋಳಸೂರ ಸೇತುವೆ ಮುಳುಗಿದ್ದು ಈ ಭಾಗದವರಿಗೆ ಮರೆಯುವ ಸಂಗತಿಯಲ್ಲ. 2021ರಲ್ಲೂ 2024ರಲ್ಲೂ ಜುಲೈ ತಿಂಗಳಲ್ಲಿ ಹೊಳೆ ಮತ್ತೆ ಬಂತು.

ಘಟಪ್ರಭೆಯ ನೀರು ಗೋಕಾಕಕ್ಕೆ ಬರುವ ದಾರಿ ತಿಳಿದರೆ ಅರ್ಧ ಲೆಕ್ಕ ಮುಗಿದಂತೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿರುವ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿಎಂಸಿ, ಪೂರ್ಣಮಟ್ಟ 2,175 ಅಡಿ. ಅದರ ಕೆಳಗೆ ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿ ಕೂಡುತ್ತದೆ. ನೀರು ಧೂಪದಾಳ ದಾಟಿ, ಗೋಕಾಕ ಫಾಲ್ಸಿನಲ್ಲಿ ಧುಮುಕುತ್ತದೆ. ಗೋಕಾಕದ ಬಳಿ ಮಾರ್ಕಂಡೇಯ ಕೂಡುತ್ತದೆ. ಮುಂದೆ ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಯಂಥ ದಂಡೆಯ ಊರುಗಳು. ಹಿಡಕಲ್‌ನಿಂದ ಬಿಟ್ಟ ನೀರು ಕಡಿಮೆ ಇದ್ದರೂ ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ತುಂಬಿ ಬಂದರೆ ಲೋಳಸೂರಿನಲ್ಲಿ ನೀರು ಏರುತ್ತದೆ. ಲೆಕ್ಕದಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋದರೆ ಎಂಥ ಒಳ್ಳೆಯ ಮಾದರಿಯೂ ಕೈಕೊಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಜಲಾಶಯದ ಅಂಕಿಯನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ದಿನವಿಡೀ 11,574 ಕ್ಯೂಸೆಕ್ ನೀರು ಹರಿದರೆ ಒಂದು ಟಿಎಂಸಿ. ಒಳಹರಿವು 40,000 ಕ್ಯೂಸೆಕ್, ಹೊರಹರಿವು 5,000 ಎಂದುಕೊಳ್ಳಿ. ಉಳಿಯುವ 35,000 ಕ್ಯೂಸೆಕ್ಕಿಗೆ ದಿನಕ್ಕೆ ಮೂರು ಟಿಎಂಸಿ ತುಂಬುತ್ತದೆ. ಜಲಾಶಯದಲ್ಲಿ ಮೂರು ಟಿಎಂಸಿ ಜಾಗ ಮಾತ್ರ ಖಾಲಿ ಇದ್ದರೆ, ನಾಳೆ ಈ ಹೊತ್ತಿಗೆ ಗೇಟು ಎತ್ತದೆ ಬೇರೆ ದಾರಿ ಇರುವುದಿಲ್ಲ. ಹೊರಹರಿವಿನ ಸುದ್ದಿ ಬರುವ ತನಕ ಕಾಯುವವರಿಗಿಂತ ಒಳಹರಿವು ನೋಡುವವರಿಗೆ ಒಂದು ದಿನ ಮುಂಚೆ ಗೊತ್ತಾಗುತ್ತದೆ.

ನಿಮ್ಮ ಮನೆಗೆ ನಿಮ್ಮದೇ ಮಾದರಿ ಮಾಡಿಕೊಳ್ಳುವುದು ಹೀಗೆ:

1. ಹಳೆಯ ಪ್ರವಾಹಗಳ ನೀರು ಎಲ್ಲಿಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ, ಗೋಡೆಗೋ ಗುಡಿಯ ಕಟ್ಟೆಗೋ ಬಣ್ಣದ ಗೆರೆ ಎಳೆಯಿರಿ. ಪಕ್ಕದಲ್ಲಿ ವರ್ಷ ಬರೆಯಿರಿ.
2. ಮಳೆಗಾಲದಲ್ಲಿ ದಿನವೂ ಒಂದೇ ಹೊತ್ತಿಗೆ ಮೂರು ಅಂಕಿ ಬರೆದುಕೊಳ್ಳಿ: ಹಿಡಕಲ್ ಹೊರಹರಿವು, ಹಿರಣ್ಯಕೇಶಿಯ ಹರಿವು, ಮಾರ್ಕಂಡೇಯದ ಶಿರೂರ ಜಲಾಶಯದ ಹೊರಹರಿವು.
3. ಅದರ ಮುಂದೆ, ನಿಮ್ಮ ದಂಡೆಯಲ್ಲಿ ನೀರು ಯಾವ ಮೆಟ್ಟಿಲಿಗೆ ಬಂತು, ಎಷ್ಟು ಗಂಟೆಗೆ ಬಂತು ಎಂದು ಬರೆಯಿರಿ. ಮೇಲೆ ಬಿಟ್ಟ ನೀರು ನಿಮ್ಮಲ್ಲಿಗೆ ತಲುಪಲು ಬೇಕಾದ ಹೊತ್ತು ಊರಿಂದೂರಿಗೆ ಬೇರೆ. ಅದು ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಸಿಗುತ್ತದೆ.
4. ಎರಡು ಮೂರು ಮಳೆಗಾಲ ಕಳೆದ ಮೇಲೆ “ಮೂರೂ ಕೂಡಿ ಇಷ್ಟಾದರೆ ನಮ್ಮ ಐದನೆಯ ಮೆಟ್ಟಿಲು” ಎನ್ನುವ ಅಂದಾಜು ತಾನೇ ಮೂಡುತ್ತದೆ.
5. ಪ್ರತಿ ಗೆರೆಗೂ ಒಂದು ಕೆಲಸ ಗೊತ್ತು ಮಾಡಿ. ಮೊದಲ ಗೆರೆಗೆ ದಂಡೆಯ ಪಂಪ್‌ಸೆಟ್ ಎತ್ತುವುದು. ಎರಡನೆಯದಕ್ಕೆ ದನಕರು, ಕಾಗದಪತ್ರ, ಕಾಳುಕಡಿ ಸಾಗಿಸುವುದು. ಮೂರನೆಯದಕ್ಕೆ ಮನೆ ಬಿಡುವುದು.

ಗೆರೆ ಎಲ್ಲಿ ಎಳೆಯಬೇಕು ಎನ್ನುವುದಕ್ಕೂ ಒಂದು ಸೂತ್ರ ಇದೆ: ಮುನ್ನೆಚ್ಚರಿಕೆಯ ಖರ್ಚನ್ನು ತಪ್ಪಬಹುದಾದ ನಷ್ಟದಿಂದ ಭಾಗಿಸಿ. ಪಂಪ್‌ಸೆಟ್ ಎತ್ತಿಸಲು ಸಾವಿರ ರೂಪಾಯಿ ಖರ್ಚು, ಅದು ಕೊಚ್ಚಿಹೋದರೆ ನಲವತ್ತು ಸಾವಿರ ನಷ್ಟ ಎಂದುಕೊಳ್ಳಿ. ನಲವತ್ತರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ ಎರಡೂವರೆಯಷ್ಟು ಸಾಧ್ಯತೆ ಇದ್ದರೂ ಎತ್ತುವುದೇ ಲಾಭ. ಹತ್ತು ಸಲ ಎತ್ತಿ ಒಂಬತ್ತು ಸಲ ನೀರು ಬಾರದೆ ಹೋದರೆ “ಸುಮ್ನ ದಣಿದ್ವಿ” ಎಂದು ಗೊಣಗುತ್ತೇವೆ. ಲೆಕ್ಕದ ಪ್ರಕಾರ ಆ ಹತ್ತನೆಯ ಸಲ ಒಂಬತ್ತರ ಖರ್ಚನ್ನೂ ತೀರಿಸಿ ಮಿಗಿಸುತ್ತದೆ.

ಇದೇ ಸೂತ್ರ ದೇಹಕ್ಕೂ ಸಲ್ಲುತ್ತದೆ. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವ ಖರ್ಚು ಅತ್ಯಲ್ಪ, ಕಾಯಿಲೆ ಗೊತ್ತಾಗದೆ ಉಳಿದರೆ ಕಣ್ಣು, ಕಿಡ್ನಿ, ಕಾಲು ಎಲ್ಲಕ್ಕೂ ನಷ್ಟ. ಹಾಗಾಗಿ ನೂರಕ್ಕೆ ಹದಿನೇಳು ಎಂಬುದು ಪರೀಕ್ಷೆಗೆ ಹೋಗಲು ಧಾರಾಳ ಸಾಕು. ಅದೇ ಹದಿನೇಳನ್ನು ನಂಬಿ ಪರೀಕ್ಷೆಯಿಲ್ಲದೆ ಮಾತ್ರೆ ನುಂಗಲು ಸಾಲದು.

ಮೋಟರಿನ ಲೆಕ್ಕ: ಆಯುಷ್ಯ ಬರೆದಿರುತ್ತದೆ, ಓದಬೇಕು

ಬೇರಿಂಗ್ ತಯಾರಕರು ಕೊಡುವ ಆಯುಷ್ಯದ ಅಂಕಿಗೆ ಎಲ್-10 ಎನ್ನುತ್ತಾರೆ. ಒಂದೇ ಬಗೆಯ ನೂರು ಬೇರಿಂಗುಗಳಲ್ಲಿ ತೊಂಬತ್ತು ಆ ಗಡಿ ದಾಟುತ್ತವೆ, ಹತ್ತು ಅದಕ್ಕೂ ಮೊದಲೇ ಹೋಗುತ್ತವೆ ಎಂದು ಅದರ ಅರ್ಥ. ವೈದ್ಯರ ಪಟ್ಟಿಯ “ನೂರಕ್ಕೆ ಹತ್ತು” ಇಲ್ಲಿಯೂ ಅದೇ ಮಾತು ಆಡುತ್ತಿದೆ. ಬಾಲ್ ಬೇರಿಂಗಿನ ಮೇಲಿನ ಹೊರೆ ಎರಡು ಪಟ್ಟಾದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ; ಲೆಕ್ಕ ಹೇಳುವುದು ಎಂಟರಲ್ಲಿ ಒಂದು ಪಾಲಿಗೆ. ಬೆಲ್ಟನ್ನು ಅತಿ ಬಿಗಿ ಮಾಡಿದರೆ, ಶಾಫ್ಟಿನ ಸಾಲು ತಪ್ಪಿದರೆ ಬೇರಿಂಗ್ ಬೇಗ ಹೋಗುವುದು ಹೀಗೆ.

ವೈಂಡಿಂಗಿಗೂ ಒಂದು ರೂಢಿಯ ಸೂತ್ರ ಇದೆ: ತಡೆದುಕೊಳ್ಳುವ ಮಿತಿಯ ಮೇಲೆ ಬಿಸಿ ಹತ್ತು ಡಿಗ್ರಿ ಏರಿದಂತೆಲ್ಲ ಅದರ ಹೊದಿಕೆಯ ಆಯುಷ್ಯ ಅರ್ಧವಾಗುತ್ತದೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮೇಲೆ ಲೋಡು ಜಾಸ್ತಿಯಾದಾಗ ಬೇಸಿಗೆಯಲ್ಲಿ ಅದು ಸುಡುವುದರ ಹಿಂದೆ ಇರುವುದೂ ಈ ಬಿಸಿಯೇ.

ನಿಮ್ಮ ಪಂಪ್‌ಸೆಟ್ಟಿಗೆ ಹೀಗೆ ಮಾಡಿ:

1. ಹೊಸದಾಗಿ ಕೂಡಿಸಿದ ದಿನವೇ ಮೂರೂ ಫೇಸಿನ ವೋಲ್ಟೇಜ್, ಆಂಪಿಯರ್ ಬರೆದು ಸ್ಟಾರ್ಟರ್ ಡಬ್ಬಿಯ ಒಳಗೆ ಅಂಟಿಸಿ. ಆರೋಗ್ಯವಾಗಿದ್ದಾಗಿನ ಅಂಕಿ ಗೊತ್ತಿರದಿದ್ದರೆ ಕಾಯಿಲೆಯ ಅಂಕಿ ತಿಳಿಯುವುದಿಲ್ಲ.
2. ತಿಂಗಳಿಗೊಮ್ಮೆ ಅದೇ ಅಂಕಿ ಮತ್ತೆ ಬರೆಯಿರಿ. ಒಂದು ಸಲದ ಅಂಕಿಗಿಂತ ಅಂಕಿ ಸರಿಯುವ ದಿಕ್ಕು ಮುಖ್ಯ.
3. ಮೂರು ಫೇಸಿನ ವೋಲ್ಟೇಜಿನಲ್ಲಿ ಸಣ್ಣ ಅಂತರ ಬಂದರೂ ಕರೆಂಟಿನಲ್ಲಿ ಹಲವು ಪಟ್ಟು ಅಂತರ ಬರುತ್ತದೆ. ಅಂತರ ಬೆಳೆಯುತ್ತಿದ್ದರೆ ಓಡಿಸುವುದು ನಿಲ್ಲಿಸಿ, ಲೈನ್ ನೋಡಿಸಿ.
4. ಸದ್ದು, ನಡುಕ, ಬಿಸಿ ಮೂರರಲ್ಲಿ ಎರಡು ಬದಲಾದರೆ ಕಬ್ಬಿಗೆ ನೀರು ಬೇಕಾದ ಹೊತ್ತು ಬರುವ ಮೊದಲೇ ಬೇರಿಂಗ್ ಬದಲಿಸಿ. ಸಕ್ಕರೆ ಕಾರ್ಖಾನೆಗಳು ನುರಿಸುವ ಹಂಗಾಮು ಮುಗಿದ ಮೇಲೆ ಯಂತ್ರ ಬಿಚ್ಚಿ ನೋಡುವುದು ಇದೇ ಜಾಣತನಕ್ಕೆ.
5. ರಿವೈಂಡಿಂಗ್ ಮಾಡಿಸಿ ತಂದ ಮೊದಲ ಕೆಲವು ದಿನ ಹೆಚ್ಚು ಗಮನ ಕೊಡಿ. ಯಂತ್ರಗಳು ಹೆಚ್ಚಾಗಿ ಕೈಕೊಡುವುದು ಶುರುವಿನಲ್ಲಿ ಮತ್ತು ಮುಪ್ಪಿನಲ್ಲಿ, ನಡುವಿನ ಕಾಲ ಸಪಾಟು.

ಸಾಮಾನ್ಯ ತಪ್ಪುಗಳು

“ಇಲ್ಲಿ ಮಳಿನೇ ಇಲ್ಲ, ಪ್ರವಾಹ ಎಲ್ಲಿಂದ?” ಜಿಲ್ಲೆಗೆ ಕೊಟ್ಟ ಆರೆಂಜ್ ಅಲರ್ಟ್ ಖಾನಾಪುರದ ಕಾಡಿಗೂ ಅಥಣಿಯ ಬಯಲಿಗೂ ಒಂದೇ. ಮೂಡಲಗಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಸಹ್ಯಾದ್ರಿಯ ಮಳೆ ಹೊಳೆಯಾಗಿ ಬರುತ್ತದೆ. ಅಲರ್ಟ್ ಮಳೆಯದೋ ಹೊಳೆಯದೋ ಎಂದು ನೋಡಿ.

“ನೂರು ವರ್ಷಕ್ಕೊಮ್ಮೆಯ ಪ್ರವಾಹ ಬಂದು ಹೋಯ್ತು, ಇನ್ನು ನಮ್ಮ ಕಾಲಕ್ಕಿಲ್ಲ.” ಆ ಮಾತಿನ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ ಎಂದು. ಹೊಳೆಗೆ ಹೋದ ವರ್ಷದ ನೆನಪಿಲ್ಲ. ಮೂವತ್ತು ವರ್ಷ ವಾಸಿಸುವ ಮನೆ ಕಟ್ಟಿದರೆ, ಅಷ್ಟರಲ್ಲಿ ಅಂಥ ಪ್ರವಾಹ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಇಪ್ಪತ್ತೈದು ವರ್ಷಕ್ಕೊಮ್ಮೆಯ ಪ್ರವಾಹವಾದರೆ ನೂರಕ್ಕೆ 71.

“ಡಾಕ್ಟ್ರು ಎಂಟು ತಿಂಗಳು ಅಂದಾರ.” ಅದು ಬಹಳ ಸಲ ನಡುವಿನ ಅಂಕಿ; ಅರ್ಧ ಮಂದಿ ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಕೆಲವರು ಬಹಳ ಹೆಚ್ಚು. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಅಪರೂಪದ ಕ್ಯಾನ್ಸರ್ ಪತ್ತೆಯಾದಾಗ ಪುಸ್ತಕದಲ್ಲಿದ್ದ ನಡುವಿನ ಅಂಕಿ ಎಂಟು ತಿಂಗಳು. ಅವರು ಇಪ್ಪತ್ತು ವರ್ಷ ಬದುಕಿದರು. ವೈದ್ಯರನ್ನು ಕೇಳುವಾಗ “ಎಷ್ಟು ದಿನಾ?” ಎಂದು ಒಂದೇ ಅಂಕಿ ಕೇಳಬೇಡಿ. “ಚಲೋ ಆದ್ರ ಎಷ್ಟು, ಕೆಟ್ಟದಾದ್ರ ಎಷ್ಟು, ಬಹಳ ಮಂದಿಗೆ ಎಷ್ಟು?” ಎಂದು ಮೂರು ಕೇಳಿ.

“ಹೇಳಿದಂಗ ಆಗಲಿಲ್ಲ, ಲೆಕ್ಕ ಸುಳ್ಳು.” ನೂರಕ್ಕೆ ಎಪ್ಪತ್ತು ಮಳೆ ಎಂದ ದಿನ ಬಿಸಿಲು ಬಿದ್ದರೆ ಅದು ಆ ಮೂವತ್ತರಲ್ಲಿ ಒಂದು ದಿನ. ಒಂದು ದಿನದಿಂದ ತೀರ್ಮಾನ ಬೇಡ. ಹಾಗೆ ಹೇಳಿದ ಹತ್ತಿಪ್ಪತ್ತು ದಿನಗಳನ್ನು ಎಣಿಸಿ ನೋಡಿ.

“ಹಳೇ ಅಂಕಿ ಐತಲ್ಲ, ಸಾಕು.” ಅಂಕಿಗೂ ಮುಪ್ಪು ಬರುತ್ತದೆ. ಹೊಸ ಸೇತುವೆ, ಹೊಸ ಒಡ್ಡು, ದಂಡೆಯ ಒತ್ತುವರಿ ನೀರಿನ ದಾರಿಯನ್ನೇ ಬದಲಿಸುತ್ತವೆ. ಐದು ವರ್ಷದ ಹಿಂದಿನ ಸೊಂಟದ ಅಳತೆಯೂ ಹಾಗೆಯೇ.

ಎಚ್ಚರಿಕೆ

1. ಎದೆನೋವು, ಒಂದು ಕಡೆ ಕೈಕಾಲು ಸೋಲು, ಮಾತು ತೊದಲುವುದು ಕಂಡರೆ ಯಾವ ಅಂಕಪಟ್ಟಿಯೂ ಬೇಡ. ತಕ್ಷಣ 108ಕ್ಕೆ ಕರೆ ಮಾಡಿ.
2. ಈಗಾಗಲೇ ಹೃದಯಾಘಾತ, ಲಕ್ವ ಆದವರು ಹೃದಯದ ಅಪಾಯದ ಪಟ್ಟಿ ನೋಡುವಂತಿಲ್ಲ. ಅವರ ಅಪಾಯ ಹೆಚ್ಚೆಂದು ಮೊದಲೇ ಗೊತ್ತು.
3. ಮೊಬೈಲಿನ ಅಂಕಿ ನೋಡಿ ಔಷಧಿ ಶುರು ಮಾಡುವುದಾಗಲಿ ಬಿಡುವುದಾಗಲಿ ಕೂಡದು.
4. ಅಧಿಕಾರಿಗಳು ಜಾಗ ಬಿಡಲು ಹೇಳಿದ ಮೇಲೆ ನಿಮ್ಮ ನೋಟ್‌ಬುಕ್ಕಿನ ಲೆಕ್ಕ ತೋರಿಸಿ ಕೂರಬೇಡಿ. ಕಂಡರಿಯದ ನೀರು ಬಂದ ದಿನ ನಿಮ್ಮ ಹಳೆಯ ಗೆರೆಗಳು ಉತ್ತರ ಹೇಳಲಾರವು.
5. ಮುಳುಗಿದ ಸೇತುವೆಯ ಮೇಲೆ “ಹೋದ ಸಲ ದಾಟಿದ್ವಿ” ಎಂದು ಗಾಡಿ ಇಳಿಸಬೇಡಿ. ಹೋದ ಸಲ ದಾಟಿದ್ದು ಒಂದೇ ಸಲದ ಲೆಕ್ಕ.
6. ಸ್ಟಾರ್ಟರ್ ಡಬ್ಬಿ ಒದ್ದೆಯಾಗಿದ್ದರೆ ಆಂಪಿಯರ್ ನೋಡುವ ಉಮೇದು ಬೇಡ. ಕರೆಂಟು ತೆಗೆಸಿ, ತಿಳಿದವರನ್ನು ಕರೆಯಿರಿ.

ಇಂದೇ ಶುರು ಮಾಡಿ

ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಪ್ರತಿ ಪುಟದ ನಡುವೆ ಗೆರೆ ಹೊಡೆದು, ಎಡಕ್ಕೆ “ನುಡಿದದ್ದು”, ಬಲಕ್ಕೆ “ನಡೆದದ್ದು” ಎಂದು ಬರೆಯಿರಿ. ದಿನಾಂಕ ಹಾಕಿ, ಆಶಾ ಕಾರ್ಯಕರ್ತೆ ಹೇಳಿದ ಅಂಕವನ್ನೂ, ಮೊಬೈಲಿಗೆ ಬಂದ ಕ್ಯೂಸೆಕ್ಕನ್ನೂ, ಮಿಸ್ತ್ರಿಯ ಮಾತನ್ನೂ ಎಡಕ್ಕೆ ಬರೆಯಿರಿ. “ಭಾಳ ದಿನಾ” ಎಂದರೆ ಎಷ್ಟು ದಿನ ಎಂದು ಮಿಸ್ತ್ರಿಯನ್ನು ಕೇಳಿ, ಅದನ್ನೂ ಬರೆಯಿರಿ. ಪುಟದ ಕೆಳಗೆ ನಿಮ್ಮ ಗೆರೆ ಬರೆಯಿರಿ: ಇಷ್ಟಾದರೆ ಇದು.

ಬಲಭಾಗ ತುಂಬಲು ಹೊತ್ತು ಹಿಡಿಯುತ್ತದೆ. ಕೆಲವು ಸಾಲು ನಾಳೆಯೇ ತುಂಬುತ್ತವೆ, ಕೆಲವಕ್ಕೆ ಮುಂದಿನ ಮಳೆಗಾಲ ಬೇಕು, ಹೃದಯದ ಸಾಲಿಗೆ ಹತ್ತು ವರ್ಷ. ಎರಡು ಮಳೆಗಾಲ ಕಳೆದ ಮೇಲೆ ಆ ನೋಟ್‌ಬುಕ್ ತೆರೆದು ನೋಡಿ. ಯಾರ ಮಾತಿಗೆ ಎಷ್ಟು ತೂಕ ಕೊಡಬೇಕು ಎನ್ನುವುದನ್ನು ಆಗ ನೀವು ಇನ್ನೊಬ್ಬರನ್ನು ಕೇಳಬೇಕಾಗುವುದಿಲ್ಲ.